ಲಕ್ಷ್ಮವ್ವನ ನಡಿಗೆ

ಅನುರಾಧಾಳ ಫೋನಿನಲ್ಲಿ ಅವಳ ಅವ್ವನ ವಿಡಿಯೋಗಳು ಒಟ್ಟು ಒಂಬತ್ತು ಇದ್ದವು. ಒಂಬತ್ತರಲ್ಲೂ ಲಕ್ಷ್ಮವ್ವ ನಿಂತೇ ಇದ್ದಳು.

ಮಗಳು ಫೋನು ಎತ್ತಿದಳೆಂದರೆ ಸಾಕು, ನಡೆಯುತ್ತಿದ್ದವಳು ಗಕ್ಕನೆ ನಿಲ್ಲುವಳು. ಸೆರಗು ಎಳೆದುಕೊಳ್ಳುವಳು, ಎರಡೂ ಕೈ ತೊಡೆಗೆ ಅಂಟಿಸುವಳು, ಆಧಾರ್ ಕಾರ್ಡಿಗೆ ಫೋಟೋ ತೆಗೆಯುವವರ ಮುಂದೆ ನಿಂತ ಹಾಗೆ ಕಣ್ಣು ಬಿಟ್ಟುಕೊಂಡು ನಿಂತುಬಿಡುವಳು. "ಯವ್ವಾ, ನಡಿಯಬೇ, ಇದು ಫೋಟೋ ಅಲ್ಲ, ವಿಡಿಯೋ" ಎಂದು ಮಗಳು ಕೂಗುವುದು ಕೇಳಿಸುತ್ತದೆ. "ಆತಾತು, ತಗಿ ಲಗೂನ" ಎನ್ನುತ್ತಾಳೆ ಲಕ್ಷ್ಮವ್ವ, ತುಟಿ ಮಾತ್ರ ಅಲ್ಲಾಡಿಸಿ. ಹದಿನೆಂಟು ವರ್ಷ ಈ ಮುಂಬಯಿಯ ಕಟ್ಟಡಗಳ ಮೆಟ್ಟಿಲನ್ನು ತಲೆಯ ಮೇಲೆ ಬುಟ್ಟಿ ಹೊತ್ತು ಹತ್ತಿ ಇಳಿದ ಹೆಂಗಸು, ವಿಡಿಯೋದಲ್ಲಿ ಮಾತ್ರ ಒಂದು ಹೆಜ್ಜೆ ಇಟ್ಟಿಲ್ಲ. ಎಂಥ ಹಟ ನೋಡಿ!

ಅವ್ವ ಇದ್ದಾಗ ಇದು ನಗುವ ವಿಷಯವಾಗಿತ್ತು. ಎರಡು ವರ್ಷದ ಹಿಂದೆ ಮಳೆಗಾಲದ ಜ್ವರದಲ್ಲಿ ಅವಳು ಹೋದ ಮೇಲೂ ಅನುರಾಧಾ ಆ ವಿಡಿಯೋ ನೋಡಿ ಒಮ್ಮೊಮ್ಮೆ ನಕ್ಕಿದ್ದುಂಟು. ಮಲಾಡಿನ ಆನಿಮೇಶನ್ ಶಾಲೆಗೆ ಸೇರಿ ಆರನೇ ತಿಂಗಳಿಗೆ ನಡಿಗೆಯ ಪಾಠ ಬಂದಾಗ ನಗು ಹಾರಿಹೋಯಿತು.

ಪಾಠ ಹೇಳುವವರು ಶಶಿಕಾಂತ ಸರ್. ಅರವತ್ತು ದಾಟಿದ ಮರಾಠಿ ಮನುಷ್ಯ. ಜಾಹೀರಾತಿನ ಚಿತ್ರಗಳಿಗೆ ಮೂವತ್ತು ವರ್ಷ ಕೈಯಲ್ಲೇ ಬೊಂಬೆ ಬರೆದವರು. ಮೇಲಿನ ಮಹಡಿಯಲ್ಲಿ ಕಂಪ್ಯೂಟರುಗಳ ಸಾಲೇ ಇದ್ದರೂ ಮೊದಲ ವರ್ಷದವರನ್ನು ಅವರು ಆ ಮೆಟ್ಟಿಲು ಹತ್ತಲು ಬಿಡುತ್ತಿರಲಿಲ್ಲ. ಕಾಗದ, ಪೆನ್ಸಿಲ್ಲು, ಕೆಳಗಿನಿಂದ ಬೆಳಕು ಬರುವ ಗಾಜಿನ ಪೆಟ್ಟಿಗೆ, ಇಷ್ಟೇ. ಹಾಳೆಯ ಕೆಳಗೆ ಮೂರು ತೂತು; ಪೆಟ್ಟಿಗೆಯ ಗೂಟಗಳಿಗೆ ಅದನ್ನು ಸಿಕ್ಕಿಸಿದರೆ ಅಡಿಯ ಚಿತ್ರ ಮೇಲಿನ ಹಾಳೆಯಲ್ಲಿ ಮಬ್ಬಾಗಿ ಕಾಣುತ್ತದೆ. ಅದಕ್ಕಿಂತ ಕೂದಲೆಳೆಯಷ್ಟು ಸರಿಸಿ ಇನ್ನೊಂದು ಬರೆಯಬೇಕು. ಹೀಗೆ ಹನ್ನೆರಡು ಹಾಳೆ ಬರೆದರೆ ಎರಡು ಹೆಜ್ಜೆ, ಒಂದು ಸೆಕೆಂಡು. ಹಾಳೆಗಳ ತುದಿ ಹಿಡಿದು ಸರಸರನೆ ಬಿಟ್ಟರೆ ಬರೆದ ಮನುಷ್ಯ ಎದ್ದು ನಡೆಯುತ್ತಾನೆ. ಮೊದಲ ಸಲ ಅದು ಅವಳ ಬೆರಳ ನಡುವೆ ನಡೆದಾಗ ಅನುರಾಧಾಳ ಮೈ ಜುಮ್ಮೆಂದಿತ್ತು.

"ನಿಮ್ಮ ಮನೆಯ ಒಬ್ಬರನ್ನು ನಡೆಸಿಕೊಂಡು ಬನ್ನಿ" ಎಂದರು ಸರ್, ಹಿಂದಿಯಲ್ಲಿ. "ಮುಖ ಬೇಡ. ಬೆನ್ನು ಕಂಡರೂ ಇವರೇ ಅಂತ ಗೊತ್ತಾಗಬೇಕು. ಎರಡು ವಾರ. ಬುಧವಾರ ದೊಡ್ಡ ಪರದೆ ಮೇಲೆ ನೋಡೋಣ. ಮನೆಗೆ ಹೋಗಿ ಮೊದಲು ಅವರು ನಡೆಯೋದನ್ನ ಫೋನಿನಲ್ಲಿ ಶೂಟ್ ಮಾಡಿಕೊಳ್ಳಿ."

ಮರುದಿನವೇ ಎಲ್ಲರ ಫೋನಿನಲ್ಲೂ ಅಜ್ಜಿ, ಅಪ್ಪ, ಅಣ್ಣ ನಡೆದಾಡಿದರು. ಪಕ್ಕದ ಮೇಜಿನ ಧಾತ್ರಿ, ತಾತನ ಕಾಲದಲ್ಲಿ ಬೆಂಗಳೂರಿನಿಂದ ಬಂದು ಮಲಾಡಿನಲ್ಲೇ ನೆಲೆಸಿದ ಮನೆಯವಳು, ಅಪಾರ್ಟ್‌ಮೆಂಟ್ ಸೊಸೈಟಿಯ ತೋಟದಲ್ಲಿ ಬಿಳಿ ಶೂ ಹಾಕಿಕೊಂಡು ಸುತ್ತುವ ಅಜ್ಜಿಯನ್ನು ನಾಲ್ಕು ಕಡೆಯಿಂದ ಶೂಟ್ ಮಾಡಿ ತಂದಿದ್ದಳು. "ನಿಂದು ಯಾರು?" ಎಂದು ಕೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ತಡವರಿಸುತ್ತಿದ್ದಳು. ಅನುರಾಧಾಳ ಮಾತು ಕೇಳಿದಾಗಲೆಲ್ಲ "ಸೋ ಕ್ಯೂಟ್, ನಿಂದು ಕನ್ನಡ" ಎನ್ನುತ್ತಿದ್ದಳು, ಪಾಪ, ಪ್ರೀತಿಯಿಂದಲೇ. ಅದನ್ನು ನಾಲ್ಕು ಸಲ ಕೇಳಿದ ಮೇಲೆ ಅನುರಾಧಾ ಕನ್ನಡ ಆಡುವುದನ್ನೇ ಬಿಟ್ಟಿದ್ದಳು. ಇಂಗ್ಲಿಷು ಬರುತ್ತಿರಲಿಲ್ಲ. ಹೀಗಾಗಿ ಆ ಇಪ್ಪತ್ತೆರಡು ಜನರ ಕೋಣೆಯಲ್ಲಿ ಅವಳು ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತು ಮಾತು ಆಡಿದರೆ ಹೆಚ್ಚು.

"ಇನ್ನೂ ನೋಡ್ಬೇಕು" ಎಂದಳು.

ನೋಡುವುದೇನಿತ್ತು? ಅವಳು ಅವ್ವನನ್ನೇ ಬರೆಯಬೇಕೆಂದು ಸರ್ ಬಾಯಿ ಮುಚ್ಚುವ ಮೊದಲೇ ತೀರ್ಮಾನಿಸಿಯಾಗಿತ್ತು. ಅಂಕದ ಆಸೆಯಿಂದಲ್ಲ. ಎರಡು ವರ್ಷದಲ್ಲಿ, ವಿಡಿಯೋದ ಆ ಎರಡು ಮಾತು ಬಿಟ್ಟರೆ, ಅವ್ವನ ದನಿ ಅಳಿಸಿಹೋಗಿತ್ತು; ಯಾವ ಮಾತಿಗೆ ಎಲ್ಲಿ ಎಳೆಯುತ್ತಿದ್ದಳು ಎಂಬುದು ಈಗ ನೆನಪಾಗುತ್ತಿರಲಿಲ್ಲ. ಸೀರೆಯ ವಾಸನೆ ಹೋಗಿತ್ತು. ಉಳಿದದ್ದು ನಡಿಗೆ ಒಂದೇ. ಅದೂ ಹೋದರೆ ನಿಂತುಕೊಂಡ ಒಂಬತ್ತು ವಿಡಿಯೋ ಗತಿ. ಹೋಗುವ ಮೊದಲು ಅದನ್ನು ಹಾಳೆಯ ಮೇಲೆ ಹಿಡಿದಿಟ್ಟುಕೊಳ್ಳಬೇಕು, ಅಷ್ಟೇ ಅವಳ ಹಂಬಲ.

ಮನೆಯಲ್ಲಿ ಕೇಳೋಣವೆಂದರೆ ಅಲ್ಲಿದ್ದವನು ಗುರಲಿಂಗಪ್ಪ ಒಬ್ಬನೇ. ಅವಳ ಅಪ್ಪ, ಕಸುಬಿನಿಂದ ಗೌಂಡಿ. ಗೋಡೆ ಕಟ್ಟುವುದು, ಗಿಲಾವು ಮಾಡುವುದು ಬಿಟ್ಟರೆ ಬೇರೆ ಮಾತು ಅವನಿಗೆ ಮೊದಲೇ ಕಡಿಮೆ. ಹೆಂಡತಿ ಹೋದ ಮೇಲೆ ಇದ್ದ ನಾಲ್ಕು ಮಾತಿನ ಮೇಲೂ ಸಿಮೆಂಟು ಬಿದ್ದಿತ್ತು. ಭಾಂಡುಪಿನ ಗುಡ್ಡದ ಚಾಳಿನ ಆ ಒಂದೇ ಖೋಲಿಯಲ್ಲಿ ಅಪ್ಪ ಮಗಳು "ಉಂಡೇನು", "ನೀರು ಬಂತೇನು", "ಬಾಗಲಾ ಹಾಕ್ಕೋ" ಎಂಬ ಮೂರು ಮಾತಿನ ಮೇಲೆ ಎರಡು ವರ್ಷ ಬದುಕಿದ್ದರು. ಲಕ್ಷ್ಮವ್ವನ ಹೆಸರನ್ನು ಅವನು ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ತಾನು ಎತ್ತಿದರೆ ಅವನಿಗೆ ನೋವು ಎಂದು ಇವಳು, ಇವಳಿಗೆ ನೋವು ಎಂದು ಅವನು. ಒಳ್ಳೆಯ ಜೋಡಿ!

ಹಾಗಂತ ಅವನು ಕೆಟ್ಟವನಲ್ಲ. ಆರು ತಿಂಗಳ ಹಿಂದೆ ಮಗಳು ತರಗತಿಯ ಬೆಳಕಿನ ಪೆಟ್ಟಿಗೆಯ ಫೋಟೋ ತೋರಿಸಿ "ಇಂಥಾದು ಬೇಕಾಗೇತಿ" ಎಂದಾಗ ಏನು, ಯಾಕೆ ಎಂದು ಕೇಳದೆ ಹಳೆಯ ಪ್ಲೈವುಡ್ಡು, ಬಚ್ಚಲು ಕಿಟಕಿಯ ಹಾಲುಗಾಜು, ಒಂದು ಟ್ಯೂಬು ಸೇರಿಸಿ ಎರಡೇ ದಿನದಲ್ಲಿ ಮಾಡಿಕೊಟ್ಟಿದ್ದ. ಶಾಲೆಯದಕ್ಕಿಂತ ಗಟ್ಟಿಯಾಗಿತ್ತು. ಅದರ ಮೇಲೆ ಮಗಳು ಏನು ಬರೆಯುತ್ತಾಳೆ ಎಂದು ಮಾತ್ರ ಒಂದು ದಿನವೂ ಬಗ್ಗಿ ನೋಡಲಿಲ್ಲ.

ಅನುರಾಧಾ ಕಣ್ಣು ಮುಚ್ಚಿ, ನೆನೆದು ನೆನೆದು, ಮೊದಲ ಹನ್ನೆರಡು ಹಾಳೆ ಬರೆದಳು. ದಾದರ್ ಸ್ಟೇಷನ್ನಿನಲ್ಲಿ ಲೋಕಲ್ ಗಾಡಿ ಬದಲಿಸುವಾಗ, ಸೇತುವೆಯ ಮೇಲೆ ಸಾವಿರ ಕಾಲುಗಳ ನಡುವೆ ನಿಂತು, ಯಾವ ಹೆಂಗಸಿನ ಹಿಮ್ಮಡಿಯಾದರೂ ಅವ್ವನ ಹಾಗೆ ಏಳುತ್ತದೆಯೇ ಎಂದು ನೋಡುವಳು. ಒಂದೂ ಏಳುತ್ತಿರಲಿಲ್ಲ. ಆದರೂ ಹೇಗೋ ಬಂತು: ಕುತ್ತಿಗೆ ನೆಟ್ಟಗೆ, ಬಲಗೈ ಮೇಲೆ, ಮೊಣಕಾಲು ಸ್ವಲ್ಪ ಮಡಿಚಿದ ಚುರುಕು ಹೆಜ್ಜೆ. ಬುಟ್ಟಿ ಇನ್ನೂ ಬರೆದಿರಲಿಲ್ಲ. ಮೊದಲು ಮೈ, ಆಮೇಲೆ ಸಾಮಾನು ಎಂಬುದು ಶಾಲೆಯ ಕ್ರಮ.

ಎಡವಟ್ಟಾದದ್ದು ಅಲ್ಲೇ.

ಶಶಿಕಾಂತ ಸರ್ ಹಾಳೆಗಳನ್ನು ಬೆರಳ ನಡುವೆ ಬಿಟ್ಟು ನೋಡಿದರು. ಮತ್ತೊಮ್ಮೆ ನೋಡಿದರು. ಕೆಂಪು ಪೆನ್ಸಿಲ್ ತೆಗೆದು ಹನ್ನೆರಡೂ ನೆತ್ತಿಗಳನ್ನು ಸೇರಿಸಿ ಒಂದು ಗೆರೆ ಎಳೆದರು. ಗೆರೆ ಸ್ಕೇಲು ಹಿಡಿದ ಹಾಗೆ ನೇರ ಬಂತು.

"ಯೇ ಕ್ಯಾ ಹೈ? ಟ್ರಾಲಿ ಪೆ ಖಡೀ ಹೈ ಕ್ಯಾ?" ಎಂದರು. ಕೆಲವರು ನಕ್ಕರು. ಟ್ರಾಲಿಯ ಮೇಲೆ ನಿಲ್ಲಿಸಿ ಯಾರೋ ತಳ್ಳಿದ ಹಾಗಿದೆ, ಮನುಷ್ಯ ನಡೆದರೆ ಕಾಲು ಅಗಲಿದಾಗ ತಲೆ ಇಳಿಯಬೇಕು, ಕಾಲು ಕೂಡಿದಾಗ ಏರಬೇಕು, ಇದು ಮೊದಲ ದಿನದ ಪಾಠ, ಎಲ್ಲಿ ಹೋಯಿತು ಎಂದರು. ನೇರ ಗೆರೆಯ ಮೇಲೆ ಅಲೆ ಅಲೆಯಾಗಿ ಇನ್ನೊಂದು ಗೆರೆ ಎಳೆದರು. "ಔರ್ ಯೇ ಹಾಥ್ ಕ್ಯೂಂ ಊಪರ್ ಹೈ? ಕೌನ್ ಹೈ ಯೇ?" ಈ ಕೈ ಯಾಕೆ ಮೇಲಿದೆ, ಯಾರು ಇವಳು ಎಂದರು.

ಆಗ ಹೇಳಬಹುದಿತ್ತು. ಒಂದೇ ಮಾತು: ನಮ್ಮ ಅವ್ವ, ತಲೆಯ ಮೇಲೆ ಬುಟ್ಟಿ ಇದೆ. ಬಾಯಿಯವರೆಗೆ ಬಂದಿತ್ತು. ಎಡಗಡೆ ಧಾತ್ರಿಯ ಅಜ್ಜಿ ಬಿಳಿ ಶೂ ಹಾಕಿಕೊಂಡು ನಡೆಯುತ್ತಿದ್ದಳು, ಬಲಗಡೆ ಒಬ್ಬನ ಅಪ್ಪ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಆಫೀಸಿಗೆ ಹೊರಟಿದ್ದ. ನಡುವೆ ಒಬ್ಬ ಬಿಗಾರಿ. ಮುಂಬಯಿಯಲ್ಲಿ ಗೌಂಡಿಯ ಕೈಕೆಳಗೆ ಮಣ್ಣು, ಇಟ್ಟಿಗೆ ಹೊರುವವರಿಗೆ ಹಾಗೆ ಅನ್ನುತ್ತಾರೆ. ಅನುರಾಧಾ ಮೇಜಿನ ಮೇಲಿನ ರಬ್ಬರನ್ನು ಕೈಗೆತ್ತಿಕೊಂಡಳು.

"ಐಸೇ ಹೀ, ಸರ್. ಕೋಯೀ ಔರತ್" ಎಂದಳು.

ಯಾರೋ ಒಬ್ಬ ಹೆಂಗಸು! ಹೆತ್ತ ತಾಯಿಯನ್ನು ಮಗಳು ಪರಿಚಯ ಮಾಡಿಸಿದ ಚಂದ ಇದು. ಸಂಜೆಯ ಗಾಡಿಯಲ್ಲಿ ಹೆಂಗಸರ ಡಬ್ಬಿಯ ಬಾಗಿಲ ಸಂದಿಯಲ್ಲಿ ನಿಂತವಳಿಗೆ ತನ್ನ ಮೇಲೇ ಹೇಸಿಕೆಯಾಯಿತು. ಆದರೆ ಹೇಸಿಕೆಯಾಯಿತೆಂದು ಬುಧವಾರ ಮುಂದೆ ಹೋಗುವುದಿಲ್ಲವಲ್ಲ.

ಅವಳು ಸರ್ ಹೇಳಿದಂತೆ ಮಾಡಿದಳು. ರಬ್ಬರಿನಿಂದ ಒಂದೊಂದೇ ತಲೆ ಅಳಿಸಿ, ಅಲೆಯ ಗೆರೆಗೆ ಸರಿಯಾಗಿ ಏರಿಸಿ ಇಳಿಸಿ ಬರೆದಳು. ಬಿಟ್ಟು ನೋಡುವುದು, ಅಳಿಸುವುದು, ಮತ್ತೆ ಬರೆಯುವುದು. ನಾಲ್ಕು ದಿನ ಇದೇ. ಶುಕ್ರವಾರ ಸರ್ ನೋಡಿ "ಹಾಂ, ಅಬ್ ಚಲೀ" ಎಂದು ಹಾಳೆಯ ಮೂಲೆಯಲ್ಲಿ ಹಸಿರು ಗುರುತು ಹಾಕಿದರು. ಈಗ ನಡೆದಳು ಎಂದರು. ಅನುರಾಧಾಳಿಗೂ ಹಾಗೇ ಅನ್ನಿಸಿತು. ನಿಜವಾಗಿ ಚಂದ ಇತ್ತು, ಸುಳ್ಳೇಕೆ.

ಭಾನುವಾರ ಬೆಳಿಗ್ಗೆ ನಳಕ್ಕೆ ನೀರು ಬಂತೆಂದು ಅವಳು ಕೊಡ ತೆಗೆದುಕೊಂಡು ಹೋದಳು. ತಿರುಗಿ ಬಂದಾಗ ಗುರಲಿಂಗಪ್ಪ ಬೆಳಕಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಚಹಾದ ಲೋಟ. ಕೈಯಲ್ಲಿ ಹನ್ನೆರಡೂ ಹಾಳೆ. ಸಿಮೆಂಟು ತಿಂದ ಬೆರಳಿಗೆ ಕಾಗದ ಹಿಡಿತಕ್ಕೆ ಸಿಗದೆ, ಹೆಬ್ಬೆರಳನ್ನು ನಾಲಿಗೆಗೆ ಒತ್ತಲು ಹೊರಟಿದ್ದ.

"ಯಪ್ಪಾ, ಉಗುಳ ಹಚ್ಚಬ್ಯಾಡ!" ಎಂದು ಅವಳು ಕೊಡ ಅಲ್ಲೇ ಕುಕ್ಕಿ ಓಡಿಬಂದಳು. "ಹಿಂಗ ಹಿಡಿ. ತುದಿ ಹಿಡದು ಬಿಡು."

ಅವನು ಬಿಟ್ಟ. ಹೆಂಗಸು ನಡೆದಳು. ಇನ್ನೊಮ್ಮೆ ಬಿಟ್ಟ. ಅವನ ಮುಖದಲ್ಲಿ ಸಣ್ಣ ಹುಡುಗನ ಬೆರಗು ಕಂಡಿತು.

"ನಡೀತಾಳಲ್ಲ!" ಎಂದ. "ಯಾರಿಕಿ?"

ಅನುರಾಧಾ ಅವನ ಪಕ್ಕದಲ್ಲಿ ಕೂತಳು. "ನೀನಽ ಹೇಳು ನೋಡೂನು."

ಅವನು ಮತ್ತೆ ಬಿಟ್ಟು ನೋಡಿದ. "ಕೈ ಮ್ಯಾಲ ಐತಿ. ಬುಟ್ಟಿ ಹಿಡದಂಗ ಐತಿ. ಬಿಗಾರಿ ಇರಬೇಕು." ಹಾಳೆ ದೂರ ಹಿಡಿದ. "ಆದ್ರ ಹೊಸಾಕಿ. ಕೆಲಸಕ್ಕ ಬಂದು ಒಂದು ದಿನಾನೂ ಆಗಿಲ್ಲ. ಹಿಂಗ ತಲಿ ಕುಣಿಸಿದ್ರ ಬುಟ್ಯಾಗಿನ ಮಾಲೆಲ್ಲಾ ಹಾದ್ಯಾಗ ಚೆಲ್ಲತೈತಿ. ಇಂಥಾಕಿನ್ನ ಮುಕಾದಮ ಮಧ್ಯಾಹ್ನದೊಳಗ ಮನಿಗೆ ಕಳಸ್ತಾನ." ಹೇಳುತ್ತಾ ನಕ್ಕ. ಎರಡು ವರ್ಷದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು.

"ಯಪ್ಪಾ, ಅದು ಅವ್ವ."

ಅವನ ನಗು ನಿಂತಿತು. ಹಾಳೆಗಳ ಅಂಚು ಸಮ ಮಾಡಿ, ಪೆಟ್ಟಿಗೆಯ ಮೇಲೆ ಇಟ್ಟ. ಅರ್ಧ ಲೋಟ ಚಹಾ ಬಿಟ್ಟು ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅನುರಾಧಾ ಕಣ್ಣು ಮುಚ್ಚಿದಳು, ಅವ್ವನನ್ನು ನೆನೆಯಲು. ಅವ್ವ ಬಂದಳು. ತಲೆ ಕುಣಿಸುತ್ತ ಬಂದಳು. ಇನ್ನೊಮ್ಮೆ ಬಿಗಿಯಾಗಿ ಮುಚ್ಚಿದಳು. ಮತ್ತೆ ಅದೇ, ಏರಿ ಇಳಿದು, ಏರಿ ಇಳಿದು, ಸರ್ ಎಳೆದ ಅಲೆಯ ಮೇಲೆ ತೇಲಿಕೊಂಡು. ನಾಲ್ಕು ದಿನ ನೂರಾರು ಸಲ ಅದನ್ನೇ ಬರೆದು, ಅದನ್ನೇ ನೋಡಿ, ತಲೆಯೊಳಗಿದ್ದ ನಿಜವಾದ ಅವ್ವನ ಮೇಲೇ ರಬ್ಬರು ಆಡಿಸಿಬಿಟ್ಟಿದ್ದಳು. ಹಾಳೆ ಎತ್ತಿ ಬೆಳಕಿಗೆ ಹಿಡಿದಳು. ಹಳೆಯ ಗೆರೆ ಏನೂ ಉಳಿದಿರಲಿಲ್ಲ, ಕಾಗದ ಮಾತ್ರ ತೆಳ್ಳಗಾಗಿತ್ತು. ಹಿಡಿದಿಟ್ಟುಕೊಳ್ಳಲು ಹೊರಟವಳು ತಾನೇ ಕಳೆದಿದ್ದಳು. ಕೊಡದ ಪಕ್ಕದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಳಕ್ಕೆ ನೀರು ನಿಂತುಹೋಯಿತು, ಇನ್ನೂ ಎರಡು ಕೊಡ ಬಾಕಿ ಇತ್ತು.

ಮಧ್ಯಾಹ್ನವಾಯಿತು, ಅಪ್ಪ ಬರಲಿಲ್ಲ. ಅನ್ನ ಮಾಡಿಟ್ಟು ಕಾದಳು. ಪಕ್ಕದ ಮನೆಗಳಲ್ಲಿ ಭಾನುವಾರದ ಟೀವಿ, ಕುಕ್ಕರು, ಜಗಳ, ನಗು. ಈ ಖೋಲಿಯಲ್ಲಿ ಒಂದು ಫ್ಯಾನಿನ ಸದ್ದು. ಅಪ್ಪನ ಗಾಯವನ್ನು ಕೆದಕಿದೆ, ಇನ್ನು ಆ ಮೂರು ಮಾತೂ ನಿಂತುಹೋಗುತ್ತವೆ ಎಂದುಕೊಂಡಳು.

ನಾಲ್ಕು ಗಂಟೆಗೆ ಹೊರಗೆ ಸುಂದ್ರವ್ವನ ದನಿ ಕೇಳಿತು. ಎದುರು ಖೋಲಿಯ ಸುಂದ್ರವ್ವ ಲಕ್ಷ್ಮವ್ವನ ಜೊತೆ ಹತ್ತಾರು ಕಡೆ ಬಿಗಾರಿ ಮಾಡಿದವಳು, ಚಾಳಿಗೆಲ್ಲ ಕೇಳುವ ಗಂಟಲು. "ಅಯ್ಯ ನನ ಶಿವನ! ಏನೋ ಗುರಲಿಂಗಪ್ಪಾ, ಈ ವಯಸ್ಸಿನ್ಯಾಗ ಗೌಂಡಿಕಿ ಬಿಟ್ಟು ಬಿಗಾರಿ ಆದಿ ಏನು?"

ಅನುರಾಧಾ ಬಾಗಿಲಿಗೆ ಬಂದಳು. ಓಣಿಯ ಕೆಳತುದಿಯಲ್ಲಿ ಅಪ್ಪ ನಿಂತಿದ್ದ. ಟವೆಲ್ಲನ್ನು ಸಿಂಬಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡಿದ್ದ. ಅದರ ಮೇಲೆ ಕಬ್ಬಿಣದ ಬುಟ್ಟಿ, ಬುಟ್ಟಿಯ ತುಂಬ ಹಸಿ ಉಸುಕು.

ಕಟ್ಟಡದ ಕೆಲಸ ಬಲ್ಲವರಿಗೆ ಇದು ಎಂಥ ನೋಟವೆಂದು ಗೊತ್ತು. ಗೌಂಡಿಯಾದವನು ಬುಟ್ಟಿ ಹೊರುವುದಿಲ್ಲ. ಕೈಗೆ ಗಾರೆ ಬಳಿಯುವ ಕರಣಿ ಬಂದ ದಿನ ತಲೆಯ ಮೇಲಿನ ಸಿಂಬಿ ಇಳಿಯಿತು, ಅದು ಮತ್ತೆ ಏರಬಾರದು. ಬಿಗಾರಿ ಬರದಿದ್ದರೆ ಕೆಲಸ ನಿಲ್ಲಿಸಿ ಬೀಡಿ ಸೇದುತ್ತ ಕೂಡುತ್ತಾರೆ ಹೊರತು ಒಂದು ಬುಟ್ಟಿ ಎತ್ತುವುದಿಲ್ಲ. ಇಪ್ಪತ್ತೈದು ವರ್ಷ ಗೌಂಡಿಕೆ ಮಾಡಿದ ಗುರಲಿಂಗಪ್ಪ ಭಾನುವಾರ, ಇಡೀ ಚಾಳು ಬಾಗಿಲಲ್ಲಿ ಕೂತಿರುವ ಹೊತ್ತಿನಲ್ಲಿ, ಉಸುಕು ಹೊತ್ತು ನಿಂತಿದ್ದ.

"ಸುಮ್ಮನಿರು ಸುಂದ್ರವ್ವ" ಎಂದ. ಮಗಳತ್ತ ನೋಡಿದ. "ಪೆನ್ಸಿಲ್ಲ ತಗೊಂಡು ಬಾ. ನಿಮ್ಮವ್ವ ಹಂಗ ನಡೀತಿದ್ದಿಲ್ಲ. ಹಿಂಗ."

ನಡೆಯತೊಡಗಿದ.

ಮೊದಲ ನಾಲ್ಕು ಹೆಜ್ಜೆಗೆ ಮಕ್ಕಳು ಕಿಸಕ್ಕನೆ ನಕ್ಕರು. ಗಿರಿಜಾ ಮೀಸೆಯ, ಲುಂಗಿ ಉಟ್ಟ ಗಂಡಸು ಸೊಂಟದಿಂದ ಕೆಳಗೆ ಹೆಂಗಸಾಗಿಬಿಟ್ಟಿದ್ದ. ಕುತ್ತಿಗೆ ಗೋಡೆಯಷ್ಟು ನೆಟ್ಟಗೆ. ಬುಟ್ಟಿ ಹಗ್ಗ ಕಟ್ಟಿ ಎಳೆದ ಹಾಗೆ ಒಂದೇ ಮಟ್ಟದಲ್ಲಿ ಬರುತ್ತಿತ್ತು. ಏರುವುದು ಇಳಿಯುವುದು ಎಲ್ಲ ಕೆಳಗೆ, ಮೊಣಕಾಲಲ್ಲಿ, ಸೊಂಟದಲ್ಲಿ. ಎಡಪಾದ ತುಸು ಹೊರಕ್ಕೆ ಬೀಳುತ್ತಿತ್ತು. ಸುಂದ್ರವ್ವನ ನಗು ಅರ್ಧಕ್ಕೇ ನಿಂತಿತು. "ಅಯ್ಯ, ಲಕ್ಷ್ಮೀ" ಎಂದಳು ಮೆಲ್ಲಗೆ, ಬಾಯಿಗೆ ಸೆರಗು ಒತ್ತಿಕೊಂಡು.

ಅನುರಾಧಾ ಫೋನು ಎತ್ತಿದಳು. ತಕ್ಷಣ ಗುರಲಿಂಗಪ್ಪ ಗಕ್ಕನೆ ನಿಂತ, ಎಡಗೈ ತೊಡೆಗೆ ಅಂಟಿಸಿದ. ಇವನೂ ಅದೇ ಜಾತಿ! ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಫೋನು ಜೇಬಿಗೆ ಹಾಕಿ, ಹೊಸಿಲ ಮೇಲೆ ಕೂತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದಳು. "ಇನ್ನೊಮ್ಮೆ ಬಾರಪ್ಪ" ಎಂದರೆ ಅವನು ಓಣಿಯ ತುದಿಗೆ ಹೋಗಿ ಮತ್ತೆ ಬರುವನು. ಬೆವರು ಮೀಸೆಗೆ ಇಳಿಯುತ್ತಿತ್ತು.

ಆರನೆಯ ಸಲಕ್ಕೋ ಏಳನೆಯ ಸಲಕ್ಕೋ ಅವಳ ಕಣ್ಣಿಗೆ ಅದು ಬಿತ್ತು. ಬಲಗೈ ಬುಟ್ಟಿಗೆ ಇದ್ದರೂ ಅಪ್ಪನ ಎಡಗೈ ಎಂಟು ಹೆಜ್ಜೆಗೊಮ್ಮೆ ಹಿಂದಕ್ಕೆ ಹೋಗುತ್ತಿತ್ತು. ಅಂಗೈ ತೆರೆದು, ತೊಡೆಯ ಎತ್ತರದಲ್ಲಿ ಏನನ್ನೋ ತಡವಿ, ಮುಂದಕ್ಕೆ ಬರುತ್ತಿತ್ತು.

"ಕೈ ಯಾಕ ಹಂಗ ಮಾಡ್ತಿ?"

"ನಾ ಎಲ್ಲಿ ಮಾಡ್ತೀನಿ? ಅಕಿ ಮಾಡ್ತಿದ್ಲು." ಅವನು ಕತ್ತು ತಿರುಗಿಸುವಂತಿರಲಿಲ್ಲ, ನೇರ ಮುಂದೆ ನೋಡುತ್ತಲೇ ಹೇಳಿದ. "ನೀ ಎರಡು ವರ್ಷದಾಕಿ ಇದ್ದಿ. ಅಕಿ ಸೀರಿ ಹಿಡಕೊಂಡು ಹಿಂದ ಹಿಂದ ಬರ್ತಿದ್ದಿ. ಬುಟ್ಟಿ ಹೊತ್ತಾಕಿ ತಿರುಗಿ ನೋಡಾಕ ಬರೂದಿಲ್ಲ. ಅದಕ್ಕ ಕೈ ಹಿಂದ ಹಾಕಿ ನಿನ್ನ ತಲಿ ಮುಟ್ಟಿ ನೋಡಾಕಿ, ಅದಾಳೋ ಇಲ್ಲೋ ಅಂತ."

"ಆಮ್ಯಾಲ ನಾ ಸಾಲಿಗಿ ಹೋದ್ನೆಲ್ಲ."

"ಹೋದಿ. ಕೈ ಬಿಡಲಿಲ್ಲ. ಕಡೀತನಕ ಹಂಗಽ ಹಿಂದ ಹೋಗ್ತಿತ್ತು. ಹಿಂದ ಯಾರೂ ಇರ್ತಿದ್ದಿಲ್ಲ. ಇನ್ನೂ ಯಾಕ ಹುಡಕ್ತಿ ಅಂತ ನಾ ನಗತಿದ್ದೆ. ಅಕಿಗೆ ಗೊತ್ತಽ ಇರಲಿಲ್ಲ."

ಅನುರಾಧಾಳ ಪೆನ್ಸಿಲು ನಿಂತಿತು. ಅವಳು ಅವ್ವನನ್ನು ಹೆಚ್ಚಾಗಿ ಬಾಗಿಲಲ್ಲಿ, ಒಲೆಯ ಮುಂದೆ ಕಂಡವಳು; ಬುಟ್ಟಿ ಹೊತ್ತು ನಡೆಯುವಾಗ ಕಂಡದ್ದು ಆಗೊಮ್ಮೆ ಈಗೊಮ್ಮೆ. ಹದಿನೆಂಟು ವರ್ಷ, ದಿನವಿಡೀ, ಎದುರಿನಿಂದ ನಡೆದು ಬರುವುದನ್ನು ಕಂಡವನು ಇವನೊಬ್ಬನೇ.

ಸುಂದ್ರವ್ವ ಕಣ್ಣೊರೆಸಿಕೊಂಡು ಮತ್ತೆ ದನಿ ಏರಿಸಿದಳು. "ಕೇಳಬೇ ಅನುರಾಧಾ, ನಾವು ಹೊತ್ತು ತಂದ ಬುಟ್ಟಿ ನಾವಽ ಸುರೀಬೇಕು. ಯಾ ಗೌಂಡಿ ಕೈ ಹಚ್ಚತಾನ? ಇಂವ ಮಾತ್ರ ಕರಣಿ ಕೆಳಗಿಟ್ಟು, ಎರಡೂ ಕೈ ಎತ್ತಿ, ಹೇಣ್ತಿ ತಲಿ ಮ್ಯಾಲಿಂದು ತಾನಽ ಇಳಸ್ಕೊಂತಿದ್ದ. ಎಲ್ಲಾರೂ ನಕ್ಕಿದ್ದಽ ನಕ್ಕಿದ್ದು. ಇವಂಗೇನು, ದಪ್ಪ ಚರ್ಮ!"

"ಸಾಕು ನಿನ್ನ ಪುರಾಣ" ಎಂದು ಗುರಲಿಂಗಪ್ಪ ಬುಟ್ಟಿ ಇಳಿಸಿದ. ಅವನ ಕುತ್ತಿಗೆ ಕೆಂಪಗಾಗಿತ್ತು.

ಸೋಮವಾರ, ಮಂಗಳವಾರ ಅವಳು ಶಾಲೆಗೆ ಹೋಗಲಿಲ್ಲ. ಹೊಸ ಹಾಳೆಯ ಮೇಲೆ ಮೊದಲು ನೇರವಾಗಿ ಒಂದು ಗೆರೆ ಎಳೆದುಕೊಂಡಳು. ಆ ಗೆರೆಯ ಮೇಲೆ ಬುಟ್ಟಿ, ಕೆಳಗೆ ಅವ್ವ. ಈ ಸಲ ಮೊದಲು ಹೊರೆ, ಆಮೇಲೆ ಮೈ. ಹನ್ನೆರಡು ಹಾಳೆ ನಡಿಗೆ, ಅದು ನಾಲ್ಕು ಸಲ. ಆಮೇಲೆ ಕೈ ಹಿಂದಕ್ಕೆ ಹೋಗುವ ಬೇರೆ ಹನ್ನೆರಡು. ಬುಧವಾರ ಪರದೆಯ ಮೇಲೆ ಎಲ್ಲರ ಅಜ್ಜಿ ಅಪ್ಪಂದಿರು ನಡೆದು ಹೋದ ಮೇಲೆ ಅವಳ ಸರದಿ ಬಂತು. ಹಸಿರು ಗುರುತು ಬಿದ್ದ ಹಾಳೆಗಳು ಇವಲ್ಲ ಎಂದು ಶಶಿಕಾಂತ ಸರ್‌ಗೆ ನೋಡಿದ ಕೂಡಲೇ ತಿಳಿಯಿತು. ಹುಬ್ಬು ಗಂಟಿಕ್ಕಿ, ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮೂರು ಸಲ ಹಾಕಿಸಿ ನೋಡಿದರು. ಯಾರೂ ನಗಲಿಲ್ಲ.

"ಕೌನ್ ಹೈ?" ಎಂದರು.

"ಮೇರೀ ಮಾ" ಎಂದಳು ಅನುರಾಧಾ. "ಬಿಗಾರಿ ಥೀ."

ಸರ್ ಅವಳತ್ತ ತಿರುಗಿದರು. "ಪೆಹಲೇ ಬೋಲ್ನಾ ಥಾ, ಬೇಟಾ" ಎಂದರು. ಮೊದಲೇ ಹೇಳಬೇಕಿತ್ತು, ಹೊರೆ ಇದೆ ಎಂದು ಗೊತ್ತಿದ್ದರೆ ನಾನು ಆ ಗೆರೆ ಎಳೆಯುತ್ತಿರಲಿಲ್ಲ ಎಂದು ಕೆಂಪು ಪೆನ್ಸಿಲ್ಲನ್ನು ಜೇಬಿಗೆ ಹಾಕಿದರು.

ತರಗತಿ ಮುಗಿದ ಮೇಲೆ ಧಾತ್ರಿ ಹತ್ತಿರ ಬಂದು ನಿಂತಳು. ಶಬ್ದ ಹುಡುಕಿ ಹುಡುಕಿ ಕೇಳಿದಳು: "ಅವರು... ಹಿಂದೆ, ಆ ಕೈ... ಏನು ಹುಡುಕ್ತಾರೆ?"

"ನನ್ನ" ಎಂದಳು ಅನುರಾಧಾ, ಕನ್ನಡದಲ್ಲೇ. ಧಾತ್ರಿ ಕ್ಯೂಟ್ ಎನ್ನಲಿಲ್ಲ. ಸ್ಟೇಷನ್ನಿನವರೆಗೆ ಜೊತೆಗೆ ನಡೆದು ಬಂದಳು.

ಸಂಜೆ ಗುರಲಿಂಗಪ್ಪ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದುಕೊಂಡು ಕೂತ ಮೇಲೆ ಮಗಳು ಪರದೆಯ ಮೇಲಿನ ಚಿತ್ರವನ್ನೇ ಹಾಕಿದ ಫೋನು ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಲಕ್ಷ್ಮವ್ವ ನಡೆದಳು. ಎಂಟು ಹೆಜ್ಜೆ, ಕೈ ಹಿಂದಕ್ಕೆ. ಎಂಟು ಹೆಜ್ಜೆ, ಕೈ ಹಿಂದಕ್ಕೆ. ಅವನು ರೆಪ್ಪೆ ಹೊಡೆಯದೆ ನೋಡಿದ. ಚಹಾ ತಣ್ಣಗಾಯಿತು.

"ಇದು ಎಲ್ಲಿಗೆ ಮುಗೀತೈತಿ?" ಎಂದು ಕೇಳಿದ ಕಡೆಗೆ.

"ಮುಗಿಯೂದಿಲ್ಲಪ್ಪ. ಸೈಕಲ್ ಅಂತಾರ ಇದಕ್ಕ. ತಿರುತಿರುಗಿ ಅದಽ ಬರತೈತಿ."

"ಅಂದ್ರ ನಡಕೊಂತನಽ ಇರ್ತಾಳ?"

"ಹೂಂ."

ಅವನು ಇನ್ನಷ್ಟು ಹೊತ್ತು ನೋಡಿದ. ಫೋನನ್ನು ಮಗಳ ಕೈಗೆ ಮರಳಿ ಕೊಟ್ಟ.

"ಬುಟ್ಟಿ ಇಳಸವ್ವಾ ಅಕಿದು" ಎಂದ. "ದಣದಿರ್ತಾಳ."

ಅನುರಾಧಾ ಎದ್ದು ಬೆಳಕಿನ ಪೆಟ್ಟಿಗೆಯ ಸ್ವಿಚ್ಚು ಹಾಕಿ, ಗೂಟಕ್ಕೆ ಹೊಸ ಹಾಳೆ ಸಿಕ್ಕಿಸಿದಳು. "ಒಬ್ಬಾಕಿನಽ ಹ್ಯಾಂಗ ಇಳಸ್ತಾಳಪ್ಪ? ಕೈ ಕೊಡಾಕ ಯಾರರ ಬೇಕಲ್ಲ."

"ನಾ ಇದ್ದೀನೆಲ್ಲ" ಎಂದ ಗುರಲಿಂಗಪ್ಪ. ಎದ್ದು ಗೋಡೆಗೆ ಬೆನ್ನು ಮಾಡಿ ನಿಂತು, ಎರಡೂ ಕೈಯನ್ನು ಮುಂದಕ್ಕೆ ಎತ್ತಿದ, ಅಂಗೈ ಒಂದಕ್ಕೊಂದು ಎದುರಾಗಿ, ನಡುವೆ ಒಂದು ಬುಟ್ಟಿಯಷ್ಟು ಜಾಗ ಬಿಟ್ಟು.

ಅವಳು ಪೆನ್ಸಿಲು ಹಿಡಿದು ಅಳೆದಳು. "ಇನ್ನೊಂದೀಟು ಮ್ಯಾಲ ಎತ್ತು. ಅವ್ವ ಇನ್ನೂ ಎತ್ತರ ಇದ್ಲು."

"ಇಲ್ಲ. ನೀ ಸಣ್ಣಾಕಿದ್ದಿ, ನಿನಗ ಹಂಗ ಕಂಡಾಳ" ಎಂದ. ಕೈ ಕದಲಲಿಲ್ಲ. "ಅಕಿ ತಲಿ ನನ್ನ ಗದ್ದಕ್ಕ ಬರ್ತಿತ್ತು. ಸಿಂಬಿ ಇಲ್ಲಿ. ಬುಟ್ಟಿ ಇಲ್ಲಿ."

ಅನುರಾಧಾ ಅವನ ಎರಡು ಅಂಗೈ ನಡುವಿನ ಖಾಲಿ ಜಾಗವನ್ನು ನೋಡಿದಳು. ಅದರ ಕೆಳಗೆ, ಅಪ್ಪನ ಗದ್ದದ ಮಟ್ಟಕ್ಕೆ, ಅವ್ವನ ನೆತ್ತಿ ಎಲ್ಲಿ ಬರುತ್ತದೆಯೆಂದು ಗುರುತು ಹಾಕಿಕೊಂಡಳು.

"ಕೈ ಇಳಸಬ್ಯಾಡಪ್ಪ, ಹೊತ್ತಾಗತೈತಿ" ಎಂದಳು.

"ಇಳಸೂದಿಲ್ಲ" ಎಂದ ಅವನು. "ನೀ ನಿಧಾನ ತಗಿ."